ಹೆಜ್ಜೆಯ ಲೆಕ್ಕ

ದಿನವೂ ಸಾವಿರಾರು ಸಲ ಮಾಡುವ ಕೆಲಸವನ್ನು ಮನುಷ್ಯನು ಗಮನಿಸುವುದಿಲ್ಲ. ಉಸಿರಾಟ ಅಂಥದೊಂದು ಕೆಲಸ, ನಡಿಗೆ ಇನ್ನೊಂದು. ವರ್ಷ ತುಂಬುವ ಹೊತ್ತಿಗೆ ಮಗು ಗೋಡೆ ಹಿಡಿದು ನಿಲ್ಲುತ್ತದೆ; ಕೈಬಿಟ್ಟು ಒಂದು ಹೆಜ್ಜೆ ಇಡುತ್ತದೆ; ಬೀಳುತ್ತದೆ; ಅತ್ತು ಮತ್ತೆ ಏಳುತ್ತದೆ. ಮನೆಯವರೆಲ್ಲ ಸುತ್ತ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಆ ಸಂಭ್ರಮ ಮುಗಿದ ಮೇಲೆ ನಡಿಗೆಯ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಮುಂದೆ ಅದು ನೆನಪಿಗೆ ಬರುವುದು ಅಂಗಾಲಿಗೆ ಮುಳ್ಳು ನಾಟಿದಾಗ, ಇಲ್ಲವೆ ಮುಪ್ಪಿನಲ್ಲಿ ಮೊಣಕಾಲು ಮುಷ್ಕರ ಹೂಡಿದಾಗ. ನಡೆಯುವಾಗ ಬಲಗಾಲು ಮುಂದೆ ಹೋದರೆ ಅದರ ಜೊತೆಗೆ ಯಾವ ಕೈ ಮುಂದೆ ಹೋಗುತ್ತದೆಂದು ಯಾರನ್ನಾದರೂ ಕೇಳಿ ನೋಡಿ. ಬಹುಮಂದಿ ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡಿಕೊಂಡೇ ಉತ್ತರ ಹೇಳುತ್ತಾರೆ. ದೇಹವು ಚೆನ್ನಾಗಿ ಬಲ್ಲ ಸಂಗತಿಯನ್ನು ಮನಸ್ಸು ಅರಿತಿರುವುದಿಲ್ಲ.

ನಮ್ಮ ಭಾಷೆಗಾದರೋ ನಡಿಗೆಯ ಮಹತ್ವ ಚೆನ್ನಾಗಿ ತಿಳಿದಿತ್ತು. ‘ನಡೆ’ ಎಂಬ ಒಂದೇ ಧಾತುವಿನಿಂದ ನಡಿಗೆ ಮಾತ್ರವಲ್ಲ, ನಡತೆ, ನಡವಳಿಕೆ, ನಡೆನುಡಿ ಎಂಬ ಮಾತುಗಳೂ ಹುಟ್ಟಿವೆ. ಅಂಗಾಂಗಗಳಿಂದಲೇ ಲೋಕವನ್ನು ಅಳೆಯುವ ಪದ್ಧತಿಯೂ ನಮ್ಮಲ್ಲಿತ್ತು. ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿದರೆ ಚೋಟು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೇಣು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ. ಎರಡು ತೋಳುಗಳನ್ನೂ ಚಾಚಿದರೆ ಮಾರು. ಇಂದಿಗೂ ಹೂವಾಡಗಿತ್ತಿ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿಯೇ ಕೊಡುತ್ತಾಳೆ. ಅವಳ ಮೊಳ ಗಿಡ್ಡವೆಂದು ದೂರಿ, ಕೊಳ್ಳುವವರು ತಮ್ಮ ಮೊಳಕೈಯನ್ನು ಮುಂದೆ ಚಾಚುವುದೂ ಉಂಟು. ಹೀಗೆ ಬಹುಕಾಲ ಮನುಷ್ಯನ ದೇಹವೇ ಅಳತೆಗೋಲಾಗಿತ್ತು. ಆ ಅಳತೆಗೋಲನ್ನೇ ಅಳೆದು ನೋಡಿದರೆ ಹೇಗೆ ಎಂಬ ಪ್ರಶ್ನೆ ಹುಟ್ಟಿದಂದು ಒಂದು ಹೊಸ ವಿಜ್ಞಾನಕ್ಕೆ ಅಂಕುರಾರ್ಪಣವಾಯಿತು. ಅದನ್ನು ಇಂಗ್ಲಿಷಿನಲ್ಲಿ ಬಯೋಮೆಕ್ಯಾನಿಕ್ಸ್ ಎನ್ನುತ್ತಾರೆ. ನಾವು ಜೈವಿಕ ಯಂತ್ರಶಾಸ್ತ್ರವೆನ್ನಬಹುದು. ಮೂಳೆ, ಕೀಲು, ಸ್ನಾಯುಗಳು ಯಾವ ನಿಯಮಕ್ಕೆ ಒಳಪಟ್ಟು ಚಲಿಸುತ್ತವೆ, ಎಷ್ಟು ಬಲವನ್ನು ತಾಳುತ್ತವೆ ಎಂಬುದು ಈ ಶಾಸ್ತ್ರದ ವಸ್ತು.

ಕನ್ನಡ ಪಾಠ ಹೇಳುತ್ತಿದ್ದ ನನಗೆ ಈ ಶಾಸ್ತ್ರದ ಪರಿಚಯವಾದುದು ಒಂದು ಪದದ ನೆಪದಿಂದ. 1980ರ ದಶಕದ ಕೊನೆಯಲ್ಲಿ ನಮ್ಮ ಪ್ರೌಢಶಾಲೆಯಲ್ಲಿದ್ದ ವಿಜ್ಞಾನದ ಮೇಷ್ಟರು ಒಂದು ದಿನ ನನ್ನ ಬಳಿಗೆ ಬಂದು, ಹೆಜ್ಜೆಯೂರಿದ ಕಾಲಕ್ಕೆ ಒಂದು ಹೆಸರು, ಹೆಜ್ಜೆಯೆತ್ತಿದ ಕಾಲಕ್ಕೆ ಒಂದು ಹೆಸರು ಬೇಕೆಂದು ಕೇಳಿದರು. ಏಕೆಂದು ವಿಚಾರಿಸಿದೆ. “ಪದ ಕಟ್ಟುವುದಕ್ಕೆ ಮೊದಲು ಪದಾರ್ಥವನ್ನು ನೋಡಿ ಮೇಷ್ಟ್ರೆ, ನಾಳೆ ನಮ್ಮ ತರಗತಿಗೆ ಬನ್ನಿ” ಎಂದರು. ಹೋದೆ. ಒಂದು ದಿನಕ್ಕೆಂದು ಹೋದವನು ವರ್ಷವಿಡೀ, ಬಿಡುವು ದೊರೆತಾಗಲೆಲ್ಲ, ಹಿಂದಿನ ಬೆಂಚಿನಲ್ಲಿ ಮಕ್ಕಳೊಡನೆ ಕುಳಿತೆ. ಊರಿದ ಕಾಲಕ್ಕೆ ‘ಊರುಹಂತ’ವೆಂದೂ ತೂಗಿದ ಕಾಲಕ್ಕೆ ‘ತೂಗುಹಂತ’ವೆಂದೂ ಹೆಸರಿಟ್ಟದ್ದು ಆ ತರಗತಿಗೆ ನಾನು ಸಲ್ಲಿಸಿದ ಅಲ್ಪ ಕಾಣಿಕೆ. ಅಲ್ಲಿಂದ ನಾನು ಪಡೆದುದು ಅದಕ್ಕಿಂತ ಬಹಳ ಹೆಚ್ಚು.

ಅವರ ಬಳಿ ಹೇಳಿಕೊಳ್ಳುವಂಥ ಉಪಕರಣವೊಂದೂ ಇರಲಿಲ್ಲ. ಒಂದು ಅಳತೆಪಟ್ಟಿ, ಕ್ರೀಡಾ ಕೊಠಡಿಯ ಸ್ಟಾಪ್‌ವಾಚು, ಮುಳ್ಳು ಅಲ್ಲಾಡುವ ಒಂದು ಹಳೆಯ ತೂಕದ ಯಂತ್ರ, ಒಂದು ಉದ್ದನೆಯ ಹಲಗೆ, ಇಷ್ಟೇ. ಮೊದಲ ದಿನ ಅವರು ಒಬ್ಬ ಹುಡುಗನ ಅಂಗೈ ಮೇಲೆ 2 ಕಿಲೋಗ್ರಾಂ ತೂಕದ ಬಟ್ಟನ್ನಿಟ್ಟು, ಮೊಣಕೈಯನ್ನು ಮಡಿಸಿ ಹಿಡಿಯುವಂತೆ ಹೇಳಿದರು. “ನಿನ್ನ ತೋಳಿನ ಸ್ನಾಯು ಎಷ್ಟು ಭಾರವನ್ನು ಎಳೆಯುತ್ತಿದೆ?” ಎಂದು ಕೇಳಿದರು. “ಎರಡು ಕಿಲೋ ಸಾರ್” ಎಂದು ಇಡೀ ತರಗತಿ ಕೂಗಿತು. ಮೇಷ್ಟರು ಅಡಕತ್ತರಿಯೊಂದನ್ನು ಹೊರತೆಗೆದರು. ಅಡಕತ್ತರಿಯಲ್ಲಿ ಅಡಕೆ ಇರುವುದು ಕೀಲಿನ ಹತ್ತಿರ, ನಾವು ಅದುಮುವುದು ದೂರದಲ್ಲಿ. ಆದ್ದರಿಂದ ಸ್ವಲ್ಪ ಅದುಮಿದರೂ ಅಡಕೆ ಒಡೆಯುತ್ತದೆ. ನಮ್ಮ ಮುಂಗೈಯಲ್ಲಿ ಇದಕ್ಕೆ ತಿರುಗುಮುರುಗಾದ ವ್ಯವಸ್ಥೆಯಿದೆ. ಭಾರವಿರುವುದು ಮೊಣಕೈಯಿಂದ ಸುಮಾರು 35 ಸೆಂಟಿಮೀಟರು ದೂರದಲ್ಲಿ. ಸ್ನಾಯು ಎಲುಬಿಗೆ ಅಂಟಿಕೊಂಡಿರುವುದು ಸುಮಾರು 5 ಸೆಂಟಿಮೀಟರು ದೂರದಲ್ಲಿ. ದೂರ ಏಳರಲ್ಲೊಂದು ಪಾಲಾದುದರಿಂದ ಎಳೆತ ಏಳು ಪಟ್ಟಾಗಬೇಕು. ಮುಂಗೈಯ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೂ ಸ್ನಾಯು ಎಳೆಯುತ್ತಿರುವುದು 14 ಕಿಲೋಗ್ರಾಂ ಭಾರವನ್ನು! ಪ್ರಕೃತಿಯು ಇಂಥ ನಷ್ಟದ ವ್ಯಾಪಾರವನ್ನು ಏಕೆ ಮಾಡಿತು? ಅದರಲ್ಲಿ ಲಾಭವೂ ಉಂಟು. ಸ್ನಾಯು ಒಂದು ಬೆರಳಗಲ ಕುಗ್ಗಿದರೆ ಕೈ ಏಳು ಬೆರಳಗಲ ಮೇಲೇಳುತ್ತದೆ. ಬಲವನ್ನು ತೆತ್ತು ನಾವು ವೇಗವನ್ನೂ ವಿಸ್ತಾರವನ್ನೂ ಕೊಂಡಿದ್ದೇವೆ.

ಈ ಲೆಕ್ಕವನ್ನು ಮೊದಲು ವಿಸ್ತಾರವಾಗಿ ಮಾಡಿದವನು ಇಟಲಿ ದೇಶದ ಬೊರೆಲ್ಲಿ. 1608ರಲ್ಲಿ ಹುಟ್ಟಿದ ಈ ಗಣಿತಜ್ಞ ಪ್ರಾಣಿಗಳ ಚಲನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಅದು ಅಚ್ಚಾದುದು 1680–81ರಲ್ಲಿ, ಅವನು ತೀರಿಕೊಂಡ ಮೇಲೆ. ಸ್ನಾಯುಗಳು ಎತ್ತುವ ಭಾರಕ್ಕಿಂತ ಅನೇಕ ಪಟ್ಟು ಹೆಚ್ಚಿನ ಬಲವನ್ನು ಪ್ರಯೋಗಿಸಬೇಕಾಗುತ್ತದೆಂದು ಅವನು ತೋರಿಸಿಕೊಟ್ಟನು. ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ, ಆ ಹಲಗೆಯನ್ನು ಒಂದು ಅಂಚಿನ ಮೇಲೆ ತಕ್ಕಡಿಯಂತೆ ತೂಗಿಸಿ, ದೇಹದ ಗುರುತ್ವಕೇಂದ್ರವನ್ನು ಗುರುತಿಸಲು ಹೊರಟವನೂ ಅವನೇ. ನಮ್ಮ ಮೇಷ್ಟರ ಹಲಗೆಗೆ ಮೂಲಪುರುಷ ಈ ಬೊರೆಲ್ಲಿಯ ಹಲಗೆ. ಅವರು ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಅಂಚಿನ ಮೇಲೂ ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೂ ಇರಿಸುತ್ತಿದ್ದರು. ಎರಡು ಆನಿಕೆಗಳ ನಡುವೆ ಸರಿಯಾಗಿ 2 ಮೀಟರು. 40 ಕಿಲೋಗ್ರಾಂ ತೂಗುವ ಹುಡುಗನೊಬ್ಬ ಇಟ್ಟಿಗೆಯ ನೇರಕ್ಕೆ ಅಂಗಾಲು ಬರುವಂತೆ ಅದರ ಮೇಲೆ ಮಲಗಿದನು. ಹಲಗೆಯ ಪಾಲನ್ನು ಕಳೆದರೆ ಯಂತ್ರವು 18 ಕಿಲೋಗ್ರಾಂ ತೋರಿಸಿತು. ಹದಿನೆಂಟನ್ನು ಎರಡರಿಂದ ಗುಣಿಸಿ ನಲವತ್ತರಿಂದ ಭಾಗಿಸಿದಾಗ, ಅಂಗಾಲಿನಿಂದ 90 ಸೆಂಟಿಮೀಟರು ಮೇಲೆ ಅವನ ಗುರುತ್ವಕೇಂದ್ರ ಸಿಕ್ಕಿತು. ಮಲಗಿದ್ದಂತೆಯೇ ಕೈಗಳನ್ನು ತಲೆಯ ಮೇಲಕ್ಕೆ ಚಾಚೆಂದರು. ಯಂತ್ರದ ಮುಳ್ಳು ಮೇಲೇರಿತು. ಗುರುತ್ವಕೇಂದ್ರವೆಂಬುದು ಮೊಳೆ ಹೊಡೆದಿಟ್ಟ ಚುಕ್ಕಿಯಲ್ಲ, ಅಂಗಾಂಗಗಳು ಸರಿದಂತೆ ತಾನೂ ಸರಿಯುವ ಚುಕ್ಕಿ ಎಂಬುದು ಮಕ್ಕಳಿಗೆ ಆ ಕ್ಷಣದಲ್ಲಿ ಮನದಟ್ಟಾಯಿತು. ಪುಸ್ತಕದ ಹತ್ತು ಪುಟಗಳು ಮಾಡಲಾರದ ಕೆಲಸವನ್ನು ಆ ಮುಳ್ಳು ಮಾಡಿತ್ತು.

ನಿಂತ ದೇಹವನ್ನು ಅಳೆಯುವುದು ಸುಲಭ. ಚಲಿಸುವ ದೇಹವನ್ನು ಅಳೆಯುವುದು ಹೇಗೆ? ಕಣ್ಣಿದ್ದರೆ ಸಾಲದೆ ಎಂದು ನಾವು ಕೇಳಬಹುದು. ಸಾಲದು. ಅನೇಕ ಶತಮಾನಗಳ ಕಾಲ ನಾಗಾಲೋಟದ ಕುದುರೆಯನ್ನು ಬರೆದ ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಕುದುರೆಯನ್ನು ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರ ಜೂನ್ 19ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬ ಛಾಯಾಚಿತ್ರಕಾರನು ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ಹಾದಿಗೆ ಅಡ್ಡವಾಗಿ ದಾರಗಳನ್ನು ಕಟ್ಟಿದನು. ಓಡಿಬಂದ ಕುದುರೆ ಒಂದೊಂದೇ ದಾರವನ್ನು ಹರಿದಂತೆ ಒಂದೊಂದೇ ಕ್ಯಾಮರಾ ಕಣ್ಣು ತೆರೆದು ಮುಚ್ಚಿತು. ನಾಲ್ಕು ಕಾಲುಗಳೂ ನೆಲ ಬಿಡುವ ಕ್ಷಣ ನಿಜವಾಗಿಯೂ ಇತ್ತು. ಆದರೆ ಆಗ ಕಾಲುಗಳು ಚಾಚಿಕೊಂಡಿರಲಿಲ್ಲ. ಹೊಟ್ಟೆಯ ಕೆಳಗೆ ಮಡಿಸಿಕೊಂಡಿದ್ದವು. ಕುದುರೆಯೊಡನೆ ತಲೆತಲಾಂತರಗಳಿಂದ ಬಾಳಿದ ಮನುಷ್ಯನ ಕಣ್ಣು ಅಷ್ಟು ದಿನ ಅದನ್ನು ಕಂಡಿರಲಿಲ್ಲ.

ಅದೇ ಕಾಲದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಾರೇ ಚಲನೆಯೇ ತನ್ನ ಕತೆಯನ್ನು ತಾನು ಬರೆಯುವಂತೆ ಮಾಡಲು ಹೊರಟಿದ್ದನು. ಬೂಟಿನ ಅಟ್ಟೆಯಲ್ಲಿ ಗಾಳಿ ತುಂಬಿದ ಒಂದು ಪುಟ್ಟ ಕೋಶ. ಅಲ್ಲಿಂದ ಒಂದು ರಬ್ಬರಿನ ನಳಿಕೆ. ನಳಿಕೆಯ ಕೊನೆಯಲ್ಲಿ ಒಂದು ಲೇಖನಿಯ ಮುಳ್ಳು. ಕಾಲೂರಿದಾಗ ಗಾಳಿ ಒತ್ತಿ ಮುಳ್ಳು ಏಳುವುದು, ಕಾಲೆತ್ತಿದಾಗ ಇಳಿಯುವುದು. ನಡೆಯುವವನ ಹೆಜ್ಜೆ ಹೀಗೆ ಹೊಗೆ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. 1882ರಲ್ಲಿ ಅವನು ಬಂದೂಕಿನ ಆಕಾರದ ಕ್ಯಾಮರಾ ಒಂದನ್ನು ನಿರ್ಮಿಸಿದನು. ಗುಂಡಿಗೆ ಬದಲಾಗಿ ಅದು ಸೆಕೆಂಡಿಗೆ 12 ಚಿತ್ರಗಳನ್ನು ಹಿಡಿಯುತ್ತಿತ್ತು. ಹಕ್ಕಿಗಳ ಮೇಲೆ ಗುರಿಯಿಟ್ಟರೂ ಒಂದು ಹಕ್ಕಿಯನ್ನೂ ಕೊಲ್ಲದ ಬಂದೂಕು ಅದು! ಮುಂದೆ ಅವನು ಮನುಷ್ಯನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೂ ಬಿಳಿಯ ಪಟ್ಟಿಗಳನ್ನು ಹಚ್ಚಿ, ಕಪ್ಪು ಗೋಡೆಯ ಮುಂದೆ ನಡೆಸಿದನು. ಚಿತ್ರದಲ್ಲಿ ಮನುಷ್ಯ ಮಾಯವಾದನು. ಅವನ ಚಲನೆ ಮಾತ್ರ ಗೆರೆಗಳಾಗಿ ಉಳಿಯಿತು. ಬೇಕಾದುದನ್ನು ಕಾಣಬೇಕಾದರೆ ಬೇಡವಾದುದನ್ನು ಮರೆಮಾಡಬೇಕು ಎಂಬ ಉಪಾಯವನ್ನು ನಮ್ಮ ಮೇಷ್ಟರು ಈ ಕತೆಯ ಮೂಲಕ ಹೇಳಿಕೊಡುತ್ತಿದ್ದರು.

ಅಳತೆಯು ನಂಬಿಕೆಯನ್ನು ತಿದ್ದುತ್ತದೆ. ಜರ್ಮನಿಯಲ್ಲಿ ವೇಬರ್ ಎಂಬ ಸಹೋದರರು, ಒಬ್ಬ ಭೌತವಿಜ್ಞಾನಿ, ಇನ್ನೊಬ್ಬ ಅಂಗರಚನಾಶಾಸ್ತ್ರಜ್ಞ, 1836ರಲ್ಲಿ ನಡಿಗೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಎತ್ತಿದ ಕಾಲು ಗಡಿಯಾರದ ಲೋಲಕದಂತೆ ತನ್ನ ಭಾರದಿಂದಲೇ ಮುಂದಕ್ಕೆ ತೂಗುತ್ತದೆ, ಅದಕ್ಕೆ ಸ್ನಾಯುವಿನ ಶ್ರಮ ಬೇಕಿಲ್ಲವೆಂಬುದು ಅವರ ಮತ. ಎಷ್ಟು ಸುಂದರವಾದ ವಿಚಾರ! ಆದರೆ ಸುಂದರವಾದುದೆಲ್ಲ ಸತ್ಯವಾಗಬೇಕೆಂದಿಲ್ಲ. 1891ರಲ್ಲಿ ಲೈಪ್ಸಿಗ್ ನಗರದ ಬ್ರೌನೆ ಮತ್ತು ಫಿಷರ್ ಎಂಬ ವಿದ್ವಾಂಸರು ಒಬ್ಬ ಸೈನಿಕನ ಕೈಕಾಲುಗಳಿಗೆ ಬೆಳಗುವ ಗಾಜಿನ ನಳಿಕೆಗಳನ್ನು ಕಟ್ಟಿ, ರಾತ್ರಿಯ ಕತ್ತಲಲ್ಲಿ ನಡೆಸಿ, ನಾಲ್ಕು ಕ್ಯಾಮರಾಗಳಿಂದ ಚಿತ್ರ ತೆಗೆದರು. ನಡಿಗೆ ಕೆಲವು ಹೆಜ್ಜೆಗಳದು, ಸಿದ್ಧತೆ ಗಂಟೆಗಟ್ಟಲೆಯದು, ಕೈಲೆಕ್ಕವೋ ವರ್ಷಗಟ್ಟಲೆ ನಡೆಯಿತು. 1892ರಲ್ಲಿ ಬ್ರೌನೆ ತೀರಿಕೊಂಡನು. ಫಿಷರ್ ಒಬ್ಬನೇ ಮುಂದುವರಿದು 1895ರಿಂದ 1904ರವರೆಗೆ ಸಂಪುಟವಾದ ಮೇಲೆ ಸಂಪುಟವಾಗಿ ಫಲಿತಾಂಶವನ್ನು ಪ್ರಕಟಿಸಿದನು. ತೂಗುವ ಕಾಲಿನಲ್ಲಿಯೂ ಸ್ನಾಯುಗಳು ದುಡಿಯುತ್ತವೆಂಬುದು ಆ ಲೆಕ್ಕದಿಂದ ತಿಳಿದುಬಂದಿತು. ಕೆಲವು ಹೆಜ್ಜೆಗಳ ಅರ್ಥವನ್ನು ಬಿಡಿಸಲು ಒಬ್ಬ ಗಣಿತಜ್ಞನು ತನ್ನ ಆಯುಷ್ಯದ ಇಷ್ಟು ವರ್ಷಗಳನ್ನು ತೆತ್ತನೆಂಬುದನ್ನು ನೆನೆದಾಗ ನಡಿಗೆಯ ಬಗೆಗೆ ನನಗೆ ಗೌರವ ಹೆಚ್ಚುತ್ತದೆ.

ಕುಣಿಯಲಾರದವರು ನೆಲ ಡೊಂಕೆನ್ನುತ್ತಾರೆಂದು ನಮ್ಮ ಗಾದೆ ಹಾಸ್ಯ ಮಾಡುತ್ತದೆ. ಹಾಸ್ಯ ನ್ಯಾಯವಾದುದೇ. ಆದರೂ ಕುಣಿತದಲ್ಲಿ ನೆಲದ ಪಾತ್ರ ಸಾಮಾನ್ಯವಾದುದಲ್ಲ. ನಾವು ನೆಲವನ್ನು ಒತ್ತಿದಷ್ಟೇ ಬಲದಿಂದ ನೆಲವೂ ನಮ್ಮನ್ನು ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ನಮ್ಮ ಅಂಗಾಲಿನ ಕೆಳಗೇ ಇದೆ. ತೂಕದ ಯಂತ್ರದ ಮೇಲೆ ನಿಂತು ತಟ್ಟನೆ ಮೊಣಕಾಲು ಮಡಿಸಿ ನೋಡಿ. ಮುಳ್ಳು ಒಮ್ಮೆ ಕೆಳಗಿಳಿದು, ದೇಹ ತಡೆದು ನಿಲ್ಲುವಾಗ ನಿಮ್ಮ ತೂಕಕ್ಕಿಂತ ಮೇಲಕ್ಕೆ ಜಿಗಿಯುತ್ತದೆ. ತೂಕ ಬದಲಾಗಲಿಲ್ಲ, ನೆಲ ಕೊಟ್ಟ ಉತ್ತರ ಬದಲಾಯಿತು. ಈ ಉತ್ತರವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಹಲಗೆಗಳನ್ನು ಪ್ರಯೋಗಶಾಲೆಗಳಲ್ಲಿ ನೆಲಕ್ಕೆ ಸಮವಾಗಿ ಹುದುಗಿಸಿರುತ್ತಾರೆ. ಸಾಧಾರಣ ನಡಿಗೆಯಲ್ಲಿ ಆ ಬಲ ನಮ್ಮ ತೂಕವನ್ನು ಸ್ವಲ್ಪ ಮೀರಿ, ಮತ್ತೆ ತಗ್ಗಿ, ಮತ್ತೆ ಮೀರುತ್ತದೆ. ಗೆರೆ ಎಳೆದರೆ ಒಂಟೆಯ ಜೋಡಿ ಡುಬ್ಬದಂತೆ ಕಾಣುತ್ತದೆ. ಓಡುವಾಗಲಾದರೋ ಅದು ತೂಕದ ಎರಡು ಮೂರು ಪಟ್ಟು ಏರುತ್ತದೆ.

ಕೊನೆಗೆ ಹೆಜ್ಜೆಯನ್ನೇ ಅಳೆಯುವ ದಿನ ಬಂದಿತು. ಮೇಷ್ಟರು ಅಗಲವಾದ ತಟ್ಟೆಯಲ್ಲಿ ಕೆಮ್ಮಣ್ಣು ಕದಡಿದ ನೀರನ್ನಿರಿಸಿ, ಶಾಲೆಯ ಮೊಗಸಾಲೆಯ ಸಿಮೆಂಟು ನೆಲವನ್ನು ಗುಡಿಸಿ ಒಣಗಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಪಾದವನ್ನು ಅದ್ದಿಕೊಂಡು ನಡೆದುಹೋದರು. ನೆಲದ ಮೇಲೆ ಕೆಂಪು ಹೆಜ್ಜೆಗಳ ಸಾಲು ಮೂಡಿತು. ಒಂದು ಪಾದದ ಹಿಮ್ಮಡಿಯಿಂದ ಮುಂದಿನ ಪಾದದ ಹಿಮ್ಮಡಿಯವರೆಗಿನ ದೂರವೇ ಹೆಜ್ಜೆಯ ಉದ್ದ. ಮುಂದೆ ಬಿದ್ದ ಪಾದ ಎಡದ್ದಾದರೆ ಅದು ಎಡಹೆಜ್ಜೆ, ಬಲದ್ದಾದರೆ ಬಲಹೆಜ್ಜೆ. ಒಬ್ಬಳ ಹೆಜ್ಜೆ ಸರಾಸರಿ 60 ಸೆಂಟಿಮೀಟರು. ನಿಮಿಷಕ್ಕೆ 100 ಹೆಜ್ಜೆ. ಎಂದರೆ ಗಂಟೆಗೆ 3.6 ಕಿಲೋಮೀಟರು. “ಮೂರು ಮೈಲಿಯ ಹರದಾರಿಯನ್ನು ನೀನು ಎಷ್ಟು ಹೊತ್ತಿನಲ್ಲಿ ನಡೆಯುವೆ?” ಎಂದು ನಾನು ಹಿಂದಿನ ಬೆಂಚಿನಿಂದ ಕೇಳಿದೆ. ಅವಳು ಲೆಕ್ಕ ಹಾಕಿ “ಸುಮಾರು 80 ನಿಮಿಷ ಸಾರ್” ಎಂದಳು. ದಿನವೂ ಹಳ್ಳಿಯಿಂದ ನಡೆದುಬರುವ ಹುಡುಗಿ ಅವಳು. ತನ್ನ ದಾರಿಯನ್ನು ತಾನೇ ಅಳೆದ ಸಂತೋಷ ಅವಳ ಮುಖದಲ್ಲಿತ್ತು. ನೂರು ಪಾಲು ಕಾಲದಲ್ಲಿ ಒಂದೊಂದು ಪಾದವೂ ಸುಮಾರು 60 ಪಾಲು ನೆಲದ ಮೇಲಿರುತ್ತದೆ, 40 ಪಾಲು ಗಾಳಿಯಲ್ಲಿರುತ್ತದೆ. ಆದ್ದರಿಂದ ಎರಡು ಪಾದಗಳೂ ನೆಲದಲ್ಲಿರುವ ಗಳಿಗೆಗಳು ನಡಿಗೆಯಲ್ಲಿ ಇದ್ದೇ ಇರುತ್ತವೆ. ಅವು ಇಲ್ಲವಾದರೆ ಅದು ನಡಿಗೆಯಲ್ಲ, ಓಟ.

ಆ ತರಗತಿಯಲ್ಲಿ ಪೋಲಿಯೋ ರೋಗದಿಂದ ಎಡಗಾಲು ಬಡಕಲಾಗಿದ್ದ ಹುಡುಗನೊಬ್ಬನಿದ್ದನು. ಡ್ರಿಲ್ ಪಿರಿಯಡ್ಡಿನಲ್ಲಿ ಅವನು ಮರದ ನೆರಳಿನಲ್ಲಿ ಕುಳಿತು ಇತರರ ಚಪ್ಪಲಿಗಳನ್ನು ಕಾಯುತ್ತಿದ್ದನು. ಅವನ ಹಿಂದೆ ಅವನ ನಡಿಗೆಯನ್ನು ಅಣಕಿಸುವ ಚೇಷ್ಟೆಗಾರರೂ ಇದ್ದರು. ಅಂದು ಮೇಷ್ಟರು ಅವನನ್ನು ಕರೆಯಲಿಲ್ಲ. ಎಲ್ಲರ ಸರದಿ ಮುಗಿದು ತಟ್ಟೆಯನ್ನು ಎತ್ತುವ ಹೊತ್ತಿಗೆ ಅವನೇ ಎದ್ದು ನಿಂತು, “ನನ್ನ ಹೆಜ್ಜೇನೂ ಅಳೀರಿ ಸಾರ್” ಎಂದನು. ಮೊಗಸಾಲೆ ನಿಶ್ಶಬ್ದವಾಯಿತು. “ಬಾಪ್ಪ. ಆದರೆ ಈ ಲೆಕ್ಕ ನಿನ್ನದು. ನಿನ್ನ ಪುಸ್ತಕದಲ್ಲಿ ಬರೆದುಕೊಡುತ್ತೇನೆ. ಬೇರೆಯವರಿಗೆ ಹೇಳುವುದು ಬಿಡುವುದು ನಿನ್ನಿಷ್ಟ” ಎಂದರು ಮೇಷ್ಟರು. ಅವನು ನಡೆದನು. ಅವರು ಬಗ್ಗಿ ಅಳೆದು, ಅಂಕಿಗಳನ್ನು ಅವನ ಪುಸ್ತಕದಲ್ಲಿ ಬರೆದರು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ತಾನಾಗಿಯೇ ಕಪ್ಪುಹಲಗೆಯ ಬಳಿಗೆ ಹೋಗಿ ಬರೆದನು: ಎಡಹೆಜ್ಜೆ 48, ಬಲಹೆಜ್ಜೆ 36.

ತರಗತಿಗೆ ತರಗತಿಯೇ ಬೆರಗಾಯಿತು. ಕೃಶವಾದ ಎಡಗಾಲಿನ ಹೆಜ್ಜೆ ಉದ್ದ, ದೃಢವಾದ ಬಲಗಾಲಿನ ಹೆಜ್ಜೆ ಗಿಡ್ಡ! ಅಂಕಿಗಳು ಅದಲುಬದಲಾಗಿವೆಯೆಂದು ಒಬ್ಬನು ಹೇಳಿದನು. ಮತ್ತೊಮ್ಮೆ ಅಳೆದರು, ಅಂಕಿ ಬದಲಾಗಲಿಲ್ಲ. ಹಾಗಾದರೆ ಕಾರಣವೇನು? ಮೇಷ್ಟರು ತಾವಾಗಿ ಹೇಳದೆ ಮಕ್ಕಳ ಬಾಯಿಂದಲೇ ಹೊರಡಿಸಿದರು. ಬಲಗಾಲು ಗಾಳಿಯಲ್ಲಿರುವಾಗ ಇಡೀ ದೇಹವನ್ನು ಹೊರುವುದು ಯಾವುದು? ಎಡಗಾಲು. ಅದು ಹೆಚ್ಚು ಹೊತ್ತು ಹೊರಬಲ್ಲುದೆ? ಇಲ್ಲ. ಆಗ ಬಲಗಾಲು ಏನು ಮಾಡಬೇಕು? “ಬೇಗ ಬಂದು ನೆಲ ಮುಟ್ಟಬೇಕು ಸಾರ್!” ನಾವು ಕುಂಟುವುದೆಂದು ಕರೆಯುವ ಆ ತಡವರಿಕೆ ನೊಂದ ಕಾಲಿನದು ಎಂದೇ ನಾವೆಲ್ಲ ಎಣಿಸಿದ್ದೆವು. ಅದು ಬಹುಮಟ್ಟಿಗೆ ಗಟ್ಟಿಯಾದ ಕಾಲಿನ ಅವಸರ. ನೊಂದ ಜೊತೆಗಾರನ ಹೊರೆಯನ್ನು ಇಳಿಸುವುದಕ್ಕಾಗಿ ಅದು ತನ್ನ ಹೆಜ್ಜೆಯನ್ನು ಮೊಟಕು ಮಾಡಿಕೊಂಡು ಓಡಿಬರುತ್ತದೆ. ಕಣ್ಣಿಗೆ ಕುಂದಾಗಿ ತೋರಿದ್ದು ಅಳತೆಗೆ ಉಪಾಯವಾಗಿ ತೋರಿತು.

ಮೇಷ್ಟರು ಅಲ್ಲಿಗೆ ನಿಲ್ಲಿಸಲಿಲ್ಲ. ಮರುದಿನ ಉಳಿದ ಮಕ್ಕಳೆಲ್ಲ ಒಂದು ಕಾಲಿಗೆ ಮಾತ್ರ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಆಟದ ಬಯಲನ್ನು ಮೂರು ಸುತ್ತು ಬರಬೇಕೆಂದು ಹೇಳಿದರು. ಎರಡನೆಯ ಸುತ್ತಿಗೇ ಸೊಂಟ ಹಿಡಿದುಕೊಂಡವರಿದ್ದರು. ಆ ಮೇಲೆ ಅಣಕಿಸುವ ಆಟ ತಾನಾಗಿ ನಿಂತಿತು. ಅದಕ್ಕಾಗಿ ಯಾರೂ ನೀತಿಬೋಧೆ ಮಾಡಲಿಲ್ಲ. ಹುಡುಗನ ಎಡಪಾದದ ಕೆಳಗೆ ಒಂದೊಂದೇ ತೆಳುಹಲಗೆಯನ್ನಿಟ್ಟು, ಸೊಂಟದ ಎರಡು ಕಡೆಯ ಎಲುಬುಗಳು ಸಮಮಟ್ಟಕ್ಕೆ ಬರುವವರೆಗೆ ನೋಡಿದಾಗ ಎಡಗಾಲು ಎರಡೂವರೆ ಸೆಂಟಿಮೀಟರು ಗಿಡ್ಡವೆಂದು ತಿಳಿಯಿತು. ಅವನ ತಂದೆ ಆ ಲೆಕ್ಕದ ಪುಸ್ತಕವನ್ನು ಹಿಡಿದುಕೊಂಡೇ ಮಗನನ್ನು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಪರೀಕ್ಷಿಸಿ ಅಟ್ಟೆಯನ್ನು ಎತ್ತರಿಸಲು ಬರೆದುಕೊಟ್ಟರು; ಊರಿನ ಚಮ್ಮಾರರು ಚರ್ಮದ ಪದರಗಳನ್ನು ಕೂಡಿಸಿ ಹೊಲಿದುಕೊಟ್ಟರು. ಎರಡು ತಿಂಗಳಾದ ಮೇಲೆ ಹುಡುಗನು ಮತ್ತೆ ಕೆಮ್ಮಣ್ಣಿನ ತಟ್ಟೆಯನ್ನು ಕೇಳಿದನು. ಈ ಸಲ ಚಪ್ಪಲಿಯ ತಳವನ್ನೇ ಅದ್ದಿ ನಡೆದನು. ಎಡ 46, ಬಲ 42. ಕಾಲಿನ ಬಲ ಹೆಚ್ಚಿರಲಿಲ್ಲ. ಆದರೆ ಮನೆಗೆ ಹೋದ ಮೇಲೆ ಸೊಂಟ ನೋಯುವುದು ಕಡಮೆಯಾಗಿದೆಯೆಂದು ಹೇಳಿದನು. ಮುಂದಿನ ವರ್ಷ ಚಪ್ಪಲಿ ಕಾಯುವ ಕೆಲಸವನ್ನು ಬಿಟ್ಟು, ಓಟದ ಪಂದ್ಯಗಳಲ್ಲಿ ಸ್ಟಾಪ್‌ವಾಚು ಹಿಡಿದು ಕಾಲವನ್ನು ಅಳೆಯುವವನಾದನು. ಭಾರತದಲ್ಲಿ ಪೋಲಿಯೋ ರೋಗದ ಕೊನೆಯ ಪ್ರಕರಣ ವರದಿಯಾದುದು 2011ರಲ್ಲಿ. 2014ರಲ್ಲಿ ನಮ್ಮ ದೇಶವು ಪೋಲಿಯೋಮುಕ್ತವೆಂದು ಘೋಷಿತವಾದಾಗ ನನಗೆ ಮೊದಲು ನೆನಪಾದುದು ಆ ಕೆಂಪು ಹೆಜ್ಜೆಗಳು.

ಅಳತೆಯು ಅಳೆಸಿಕೊಂಡವನ ಬಾಳಿಗೆ ಮರಳಿದಾಗಲೇ ಸಾರ್ಥಕ. ಇದಕ್ಕೆ ರಾಜಸ್ಥಾನದ ಜಯಪುರದಲ್ಲಿ ಒಂದು ದೊಡ್ಡ ನಿದರ್ಶನವುಂಟು. ಕಾಲು ಕಳೆದುಕೊಂಡವರಿಗೆ ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಪಾಶ್ಚಾತ್ಯ ಮಾದರಿಯ ಕೃತಕ ಕಾಲುಗಳನ್ನು ಜೋಡಿಸುತ್ತಿದ್ದರು. ಬೂಟು ಧರಿಸಿ ಸಮತಲದ ಮೇಲೆ ನಡೆಯುವವರಿಗೆ ಅವು ತಕ್ಕವಾಗಿದ್ದವು. ನಮ್ಮ ಜನರಾದರೋ ಬರಿಗಾಲಿನಲ್ಲಿ ನಡೆಯುವವರು; ಕೆಸರು ಗದ್ದೆಯಲ್ಲಿ ಇಳಿಯುವವರು; ಊಟಕ್ಕೆ ಚಕ್ಕಳಮಕ್ಕಳ ಹಾಕಿ, ಕೆಲಸಕ್ಕೆ ಕುಕ್ಕರಗಾಲಿನಲ್ಲಿ ಕೂರುವವರು. ಬಗ್ಗದ ಹಿಮ್ಮಡಿಯ ಕಾಲು ಅವರಿಗೆ ಹೊರೆಯಾಗುತ್ತಿತ್ತು. ಮೂಳೆವೈದ್ಯರಾದ ಪಿ. ಕೆ. ಸೇಠಿ ಅವರೂ ಕುಶಲಕರ್ಮಿಗಳಾದ ರಾಮಚಂದ್ರ ಶರ್ಮ ಅವರೂ ಕೂಡಿ, 1960ರ ದಶಕದ ಕೊನೆಯ ವೇಳೆಗೆ ರಬ್ಬರಿನ ಒಂದು ಪಾದವನ್ನು ರೂಪಿಸಿದರು. ಅದು ಎಲ್ಲ ಕಡೆಗೂ ಬಾಗುವುದು, ನೀರಿಗೆ ಅಂಜದು, ನೋಡಲು ಪಾದದಂತೆಯೇ ಇರುವುದು. ಅದೇ ಇಂದು ಲೋಕವಿಖ್ಯಾತವಾಗಿರುವ ಜೈಪುರ ಕಾಲು. 1981ರಲ್ಲಿ ಸೇಠಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅದೇ ವರ್ಷ ಅಪಘಾತದ ನಂತರ ಬಲಗಾಲನ್ನು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಅವರು ಮುಂದೆ ಜೈಪುರ ಕಾಲನ್ನು ತೊಟ್ಟು ಭರತನಾಟ್ಯದ ವೇದಿಕೆಗೆ ಮರಳಿದರು. ವೈದ್ಯರ ಶಾಸ್ತ್ರವೂ ಕರಕುಶಲಿಯ ಕೈಯೂ ಕೂಡಿದ ಫಲವಿದು. ಇವರು ಅಳೆದುದು ಕಾಲನ್ನು ಮಾತ್ರವಲ್ಲ; ಆ ಕಾಲು ಬಾಳಬೇಕಾದ ಬದುಕನ್ನೂ ಅಳೆದರು.

ಈಗಿನ ಚಲನಾ ಪ್ರಯೋಗಶಾಲೆಗಳಲ್ಲಿ ಮಾರೇಯ ಬಿಳಿಯ ಪಟ್ಟಿಗಳ ಬದಲಿಗೆ ಬೆಳಕನ್ನು ಹಿಂದಿರುಗಿಸುವ ಪುಟ್ಟ ಗುಂಡುಗಳನ್ನು ಕೀಲುಗಳ ಮೇಲೆ ಅಂಟಿಸುತ್ತಾರೆ. ಅತಿಗೆಂಪು ಕಿರಣಗಳನ್ನು ಬೀರುವ ಅನೇಕ ಕ್ಯಾಮರಾಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅವುಗಳ ಸ್ಥಾನವನ್ನು ಗುರುತಿಸುತ್ತವೆ. ಫಿಷರನಿಗೆ ವರ್ಷಗಳು ಹಿಡಿದ ಲೆಕ್ಕವನ್ನು ಕಂಪ್ಯೂಟರು ನೋಡನೋಡುತ್ತಿದ್ದಂತೆ ಮುಗಿಸುತ್ತದೆ. ಗುಂಡುಗಳಿಲ್ಲದೆ, ಬರಿಯ ವಿಡಿಯೋ ಚಿತ್ರದಿಂದಲೇ ಕೀಲುಗಳನ್ನು ಗುರುತಿಸುವ ವಿಧಾನಗಳೂ ಬಂದಿವೆ. ನಮ್ಮ ಜೇಬಿನ ಮೊಬೈಲ್ ಫೋನಿನಲ್ಲಿಯೇ ವೇಗೋತ್ಕರ್ಷವನ್ನು ಅಳೆಯುವ ಸೂಕ್ಷ್ಮ ಸಾಧನವೊಂದಿದೆ. ಸಿಲಿಕಾನಿನ ಅತಿ ಚಿಕ್ಕ ತುಣುಕೊಂದು ಅಷ್ಟೇ ಚಿಕ್ಕ ಕಂಬಿಗಳ ಮೇಲೆ ತೂಗುತ್ತ, ನಾವು ಕುಲುಕಿದಾಗಲೆಲ್ಲ ಅಲುಗಿ, ಆ ಅಲುಗಾಟವನ್ನು ವಿದ್ಯುತ್ತಿನ ಸಂಕೇತವಾಗಿ ಒಪ್ಪಿಸುತ್ತದೆ. ನಿವೃತ್ತನಾದ ನಾನು ಬೆಳಗಿನ ತಿರುಗಾಟದಲ್ಲಿ ನಡೆದ ಹೆಜ್ಜೆಗಳನ್ನು ಅದು ಎಣಿಸಿ ಹೇಳುತ್ತದೆ.

ಹಾಗೆಂದು ಅದರ ಮಾತನ್ನೆಲ್ಲ ನಂಬಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತು ಫೋನನ್ನು ತಾಳಬದ್ಧವಾಗಿ ಅಲುಗಿಸಿದರೆ, ಅದನ್ನೂ ಅದು ಹೆಜ್ಜೆಯೆಂದು ಎಣಿಸಬಹುದು. ಅದು ಅಳೆಯುವುದು ಕುಲುಕಾಟವನ್ನು. ಹೆಜ್ಜೆಯೆಂಬುದು ಆ ಕುಲುಕಾಟಕ್ಕೆ ಅದು ಕೊಟ್ಟ ವ್ಯಾಖ್ಯಾನ. ಚರ್ಮಕ್ಕೆ ಅಂಟಿಸಿದ ಗುಂಡು ಕೂಡ ಚರ್ಮದೊಡನೆ ಜಾರುತ್ತದೆ. ಒಳಗಿನ ಎಲುಬಿನ ಚಲನೆಯನ್ನು ಇದ್ದುದಿದ್ದಂತೆ ಹೇಳುವುದಿಲ್ಲ. ಯಾವ ಉಪಕರಣವಾದರೂ ಸರಿ, ಅದು ನಿಜವಾಗಿ ಏನನ್ನು ಅಳೆಯುತ್ತಿದೆ, ಉಳಿದುದನ್ನು ಹೇಗೆ ಊಹಿಸುತ್ತಿದೆ ಎಂದು ಕೇಳಲು ಕಲಿತವನೇ ಅದನ್ನು ಬಳಸಲು ಅರ್ಹನು. ನಮ್ಮ ಮೇಷ್ಟರು ಅಳತೆಪಟ್ಟಿಯ ಮೊದಲ ಪಾಠದಲ್ಲಿಯೇ ಒಂದೇ ಹೆಜ್ಜೆಯನ್ನು ಐವರಿಂದ ಅಳೆಸುತ್ತಿದ್ದರು. ಐದು ಉತ್ತರಗಳು ಬರುತ್ತಿದ್ದವು. ಏಕೆ ಬಂದವೆಂಬ ಚರ್ಚೆಯಲ್ಲಿ ಗಂಟೆ ಮುಗಿಯುತ್ತಿತ್ತು. ಆ ಒಂದು ಗಂಟೆ ವ್ಯರ್ಥವಾಯಿತೆಂದು ಅವರು ಎಂದೂ ಭಾವಿಸಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗಬಹುದು, ಕ್ರೀಡಾಪಟುಗಳಾಗಬಹುದು, ಕೃತಕ ಅಂಗಗಳನ್ನು ನಿರ್ಮಿಸುವ ಶಿಲ್ಪಿಗಳಾಗಬಹುದು. ಯಾವುದೂ ಆಗದಿದ್ದರೂ ನಡೆಯುವವರಂತೂ ಆಗಿಯೇ ಆಗುತ್ತೀರಿ. ಒಂದು ರಜೆಯ ದಿನ ಪಾದವನ್ನು ಒದ್ದೆ ಮಾಡಿಕೊಂಡು ಒಣನೆಲದ ಮೇಲೆ ಹತ್ತು ಹೆಜ್ಜೆ ನಡೆದು, ನೀರು ಆರುವ ಮುನ್ನ ಸೀಮೆಸುಣ್ಣದಿಂದ ಗುರುತು ಮಾಡಿ ಅಳೆಯಿರಿ. ಎಡಹೆಜ್ಜೆ ಬಲಹೆಜ್ಜೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರುವವರು ನಿಮಗೆ ದೊರೆಯುವುದು ಕಷ್ಟ. ಅನಂತರ ಮನೆಯ ಅಜ್ಜಿ ಒಪ್ಪಿದರೆ ಅವರ ಹೆಜ್ಜೆಯನ್ನೂ ಅಳೆದು, ಆ ಲೆಕ್ಕವನ್ನು ಅವರಿಗೇ ಓದಿ ಹೇಳಿ. ಹೆಜ್ಜೆ ಏಕೆ ಗಿಡ್ಡವಾಯಿತೆಂದು ಅವರು ನಿಮಗೆ ಹೇಳುವ ಮಾತುಗಳನ್ನು ಗಮನವಿಟ್ಟು ಕೇಳಿ. ಅಳತೆಪಟ್ಟಿಯಲ್ಲಿ ಕಾಣದ ಎಷ್ಟೋ ಸಂಗತಿಗಳು ಅದರಲ್ಲಿರುತ್ತವೆ. ಅವನ್ನೂ ಅಂಕಿಗಳ ಪಕ್ಕದಲ್ಲಿ ಬರೆದಿಡಿ.